ನೋಟು ಕೊಡೋದಾ, ಫೋನ್‌ಪೇ ಮಾಡೋದಾ? ಯಾವ ಕೆಲಸಕ್ಕೆ ಯಾವುದು ಸರಿ

ನಮ್ಮೂರು ಪಾಂಡವಪುರದ ಹತ್ತಿರ. ಅಪ್ಪನಿಗೆ ಒಂದಷ್ಟು ಕಬ್ಬಿನ ಗದ್ದೆ, ಒಂದು ಸಣ್ಣ ಆಲೆಮನೆ. ಹೋದ ವರ್ಷ ನನ್ನ ತಮ್ಮ ಗಟ್ಟಿ ಮನಸ್ಸು ಮಾಡಿದ. ಇನ್ನು ಮೇಲೆ ಬಟವಾಡೆ ಎಲ್ಲಾ ಫೋನಲ್ಲೇ, ನೋಟು ಎಣಿಸೋ ತಾಪತ್ರಯ ಬೇಡ ಅಂದ. ಶನಿವಾರ ಬಂತು. ಕೊಪ್ಪರಿಗೆ ಹತ್ತಿರ ಕೆಲಸ ಮಾಡುವ ಉತ್ತರ ಪ್ರದೇಶದ ಹುಡುಗರು ಖುಷಿಯಾಗಿ ಒಪ್ಪಿಕೊಂಡರು. ಅವರ ದುಡಿಮೆಯ ಬಹುಪಾಲು ಅವರ ಊರಿಗೇ ಹೋಗಬೇಕು. ಫೋನಿಗೆ ಬಂದದ್ದನ್ನು ಅಲ್ಲೇ ನಿಂತು ಮನೆಗೆ ಕಳಿಸಿಬಿಟ್ಟರು.

ಗದ್ದೆಯಲ್ಲಿ ಕಳೆ ಕೀಳುವ ನಮ್ಮೂರಿನ ಹೆಂಗಸರು ಮಾತ್ರ ಜಗಲಿ ಬಿಟ್ಟು ಏಳಲಿಲ್ಲ. ಅವರಲ್ಲಿ ಹಿರಿಯಾಕೆ ಅಪ್ಪನಿಗೆ ಹೇಳಿದರು: "ಅಣ್ಣೋ, ಫೋನಿರೋದು ನನ್ ಗಂಡನ ತಾವ. ಅದ್ಕೆ ಹಾಕುದ್ರೆ ನನ್ ಕೈಗೆ ಬಂದಂಗಾಗಕಿಲ್ಲ. ಕಾಸು ಕೈಗೇ ಕೊಡಿ." ತಮ್ಮ ಬೈಕ್ ತೆಗೆದುಕೊಂಡು ಪೇಟೆಗೆ ಹೋಗಿ, ಎಟಿಎಂನಲ್ಲಿ ಸಾಲು ನಿಂತು ದುಡ್ಡು ತಂದ.

ಒಂದೇ ಕೆಲಸದ ಜಾಗ, ಒಂದೇ ಶನಿವಾರ. ಆ ಹುಡುಗರಿಗೆ ಫೋನ್ ಸರಿ, ಈ ಹೆಂಗಸರಿಗೆ ನೋಟೇ ಸರಿ. ಅವತ್ತಿನಿಂದ ನಾನು ಈ ವಿಚಾರವನ್ನು ಬೇರೆ ಥರ ನೋಡುತ್ತಾ ಬಂದಿದ್ದೇನೆ. ಸಾಮಾನ್ಯವಾಗಿ ನಾವು ಕೊಡುವವರ ಅನುಕೂಲ ನೋಡುತ್ತೇವೆ. ನನಗೆ ಸುಲಭ, ನನಗೆ ಬೇಗ, ನನಗೆ ಕ್ಯಾಶ್‌ಬ್ಯಾಕ್. ಅದರ ಬದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಈ ದುಡ್ಡು ಈಸಿಕೊಂಡವರು ಮುಂದೆ ಇದನ್ನ ಏನು ಮಾಡಬೇಕು? ಹೀಗೆ ಕೇಳಿಕೊಂಡರೆ ಯಾವ ಕೆಲಸಕ್ಕೆ ಯಾವುದು ಅನ್ನೋದು ಬಹುಪಾಲು ಗೊತ್ತಾಗಿಬಿಡುತ್ತದೆ. ಕೆಳಗೆ ಬರೆದದ್ದೆಲ್ಲ ಅದನ್ನೇ ಇಟ್ಟುಕೊಂಡು ಬರೆದದ್ದು.

ಪೇಟೆ, ಸಂತೆ, ಬಸ್ಸು

ಫೋನ್‌ಪೇ ಥರದ ಆ್ಯಪ್‌ಗಳ ಹಿಂದಿರುವ ಯುಪಿಐ ವ್ಯವಸ್ಥೆ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. ಅದೇ ವರ್ಷ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು. ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಅವೆರಡೇ ನೂರಕ್ಕೆ ಸುಮಾರು 86 ಭಾಗ. ಆಗ ಬೇರೆ ದಾರಿಯಿಲ್ಲದೆ ಕಲಿತವರು ಈಗ ಬಿಡುವ ಹಾಗೇ ಇಲ್ಲ. 2025ರ ಆಗಸ್ಟ್‌ನಲ್ಲಿ ದೇಶದಲ್ಲಿ ಒಂದೇ ತಿಂಗಳಿಗೆ 2000 ಕೋಟಿಗೂ ಹೆಚ್ಚು ಯುಪಿಐ ಪಾವತಿ ಆಗಿವೆ. ಮೈಸೂರಿನಲ್ಲಿ ಎಳನೀರಿನ ಗಾಡಿಗೂ ಸ್ಕ್ಯಾನರ್ ಇದೆ, ಸಾರಿಗೆ ಬಸ್ಸಲ್ಲೂ ಇದೆ.

ಸಣ್ಣ ಖರ್ಚಿಗೆ ಇದರ ದೊಡ್ಡ ಉಪಕಾರ ಅಂದರೆ ಚಿಲ್ಲರೆ ಜಗಳ ತಪ್ಪಿದ್ದು. 17 ರೂಪಾಯಿ ಅಂದರೆ 17 ರೂಪಾಯಿಯೇ. ಚಿಲ್ಲರೆ ಬದಲು ಚಾಕೊಲೇಟ್ ಇಲ್ಲ. ವ್ಯಾಪಾರಿಗೂ ಬ್ಯಾಂಕ್ ಖಾತೆಯಿಂದ ಮಾಡುವ ಯುಪಿಐ ಪಾವತಿಗೆ ಕಮಿಷನ್ ಕಡಿತವಿಲ್ಲ, 2020ರ ಜನವರಿಯಿಂದ ಹಾಗಿದೆ. ಸೌಂಡ್ ಬಾಕ್ಸ್‌ಗೆ ತಿಂಗಳ ಬಾಡಿಗೆ ಇರಬಹುದು, ಅದು ಬೇರೆ ಲೆಕ್ಕ. ಬೀದಿ ವ್ಯಾಪಾರಿಗೆ ಇನ್ನೊಂದು ಲಾಭ ಇದೆ. 2020ರಲ್ಲಿ ಬಂದ ಪಿಎಂ ಸ್ವನಿಧಿ ಸಾಲ ತೆಗೆದುಕೊಂಡವರು ಫೋನಲ್ಲಿ ದುಡ್ಡು ಈಸಿಕೊಂಡರೆ ಕ್ಯಾಶ್‌ಬ್ಯಾಕ್ ಸಿಗುತ್ತದೆ. ಜೊತೆಗೆ ದಿನದ ವ್ಯಾಪಾರ ಖಾತೆಯಲ್ಲಿ ಕಾಣುತ್ತದೆ. ಬಡ್ಡಿ ಸಾಲಕ್ಕೆ ಅಂಟಿಕೊಂಡವರಿಗೆ ಬ್ಯಾಂಕಿನವರ ಮುಂದೆ ತೋರಿಸಲು ಒಂದು ದಾಖಲೆ ಆಗುತ್ತದೆ.

ಆದರೂ ದೇವರಾಜ ಮಾರುಕಟ್ಟೆಯಲ್ಲಿ ನಾನು ಮಲ್ಲಿಗೆ ತೆಗೆದುಕೊಳ್ಳುವ ಅಜ್ಜಿಗೆ ನೋಟೇ ಕೊಡುತ್ತೇನೆ. ಸ್ಕ್ಯಾನರ್ ಅವರ ಮೊಮ್ಮಗನ ಖಾತೆಯದ್ದು. ಬೆಳಗಿನ ಜಾವ ಹೂವು ತರಲು ಅಜ್ಜಿಗೆ ಕೈಯಲ್ಲಿ ಕಾಸು ಬೇಕು. "ಫೋನಿಗೆ ಬಂದದ್ದು ಸಾಯಂಕಾಲ ಅವನು ಕೊಟ್ರೆ ಉಂಟು" ಅನ್ನುತ್ತಾರೆ. ಆಟೋದವರು, ಸೊಪ್ಪಿನವರು, ಹೂವಿನವರು, ಇವರ ಹತ್ತಿರ "ಅಮ್ಮಾ, ನಿಮಗೆ ಯಾವುದು ಬೇಕು?" ಅಂತ ಕೇಳಿಬಿಡಿ. ಎರಡು ಸೆಕೆಂಡಿನ ಮಾತು.

ಸಣ್ಣ ಖರ್ಚು ಫೋನಲ್ಲೇ ಮಾಡುವವರಿಗೆ ಯುಪಿಐ ಲೈಟ್ ಒಳ್ಳೆಯದು. 5000 ರೂಪಾಯಿವರೆಗೆ ತುಂಬಿಸಿಟ್ಟು, ಒಂದು ಸಲಕ್ಕೆ 1000 ರೂಪಾಯಿವರೆಗೆ ಪಿನ್ ಇಲ್ಲದೆ ಕೊಡಬಹುದು. ಬ್ಯಾಂಕ್ ಪಾಸ್‌ಬುಕ್ ಟೀ, ಬಾಳೆಹಣ್ಣು ಅಂತ ಉದ್ದ ಆಗುವುದಿಲ್ಲ. ಮುಖ್ಯ ಖಾತೆಯೂ ಸ್ವಲ್ಪ ದೂರ ಉಳಿಯುತ್ತದೆ. ಪಿನ್ ಇಲ್ಲವಾದ್ದರಿಂದ ಫೋನಿಗೆ ಲಾಕ್ ಇರಲೇಬೇಕು.

ಇನ್ನು 10 ರೂಪಾಯಿ ನಾಣ್ಯ. ಈ ಕಡೆ ಕೆಲವರು ಇಂದಿಗೂ ಮುಟ್ಟುವುದಿಲ್ಲ. 14 ಬಗೆಯ ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ರೂಪಾಯಿ ಗುರುತು ಇರುವುದೂ ಸರಿ, ಇಲ್ಲದ್ದೂ ಸರಿ. ಈಸಿಕೊಳ್ಳಿ.

ಅವ್ವನ ಖಾತೆ, ಯಾರ ಫೋನು?

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದೇ.

ಗೃಹಲಕ್ಷ್ಮಿ ಯೋಜನೆ ಶುರುವಾದದ್ದು ಮೈಸೂರಿನಲ್ಲೇ, 2023ರ ಆಗಸ್ಟ್ 30ರಂದು. ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2000 ರೂಪಾಯಿ. ಇದು ನೋಟಿನ ರೂಪದಲ್ಲಿ ಹಂಚಿಕೆ ಆಗಿದ್ದರೆ ಹೇಗಿರುತ್ತಿತ್ತು ಅಂತ ಯೋಚಿಸಿ. ಎಷ್ಟು ಕೈ ದಾಟಿ, ಎಷ್ಟು ಉಳಿದು ಬರುತ್ತಿತ್ತು? ಡೈರಿಗೆ ಹಾಕಿದ ಹಾಲಿನ ದುಡ್ಡು, ಕಾರ್ಖಾನೆಗೆ ಕಳಿಸಿದ ಕಬ್ಬಿನ ದುಡ್ಡು, ಪಿಂಚಣಿ, ಇವೆಲ್ಲ ನೇರ ಖಾತೆಗೆ ಬರುವುದೇ ಸರಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ.

ತೊಂದರೆ ಆಮೇಲೆ ಶುರುವಾಗುತ್ತದೆ. ಖಾತೆ ಅವ್ವನದ್ದು, ಅದಕ್ಕೆ ಜೋಡಿಸಿರುವ ನಂಬರ್ ಮಗನದ್ದೋ ಗಂಡನದ್ದೋ. ದುಡ್ಡು ಬಂತು ಅನ್ನೋ ಮೆಸೇಜ್ ಅವರಿಗೆ ಮೊದಲು ಹೋಗುತ್ತದೆ. ಡೆಬಿಟ್ ಕಾರ್ಡೂ ಅವರ ಹತ್ತಿರ ಇದ್ದರೆ ಯುಪಿಐ ಪಿನ್ ಮಾಡಿಕೊಳ್ಳುವುದೂ ಕಷ್ಟವಲ್ಲ. ಹಿಂದೆ ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ನೂರು ರೂಪಾಯಿ ಮನೆಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ನೂರು ರೂಪಾಯಿಯಲ್ಲಿ ಮಗಳ ಶಾಲೆ ಫೀಸ್ ಕಟ್ಟಿದವರು, ಕುಡುಕ ಗಂಡನಿಂದ ಅಕ್ಕಿ ದುಡ್ಡು ಉಳಿಸಿಕೊಂಡವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಪೂರ್ತಿ ನಗದು ಇಲ್ಲದ ಊರಾದರೆ ಅವರಿಗೆ ಆ ಡಬ್ಬಿ ಇರುವುದಿಲ್ಲ.

ಹಾಗಂತ ಡಬ್ಬಿ ಮೇಲು ಅಂತಲೂ ಹೇಳಲಾರೆ. ಡಬ್ಬಿಯನ್ನು ಹುಡುಕಿ ತೆಗೆಯುವ ಗಂಡಂದಿರೂ ಇದ್ದಾರೆ. ಖಾತೆಯಲ್ಲಿದ್ದರೆ, ಅದೂ ನಂಬರ್ ಅವರದ್ದೇ ಆಗಿದ್ದರೆ, ಅದಕ್ಕಿಂತ ಗಟ್ಟಿ ಜಾಗ ಇಲ್ಲ. ಆದ್ದರಿಂದ ಮನೆಯ ಹೆಂಗಸರಿಗೆ ಮೊದಲು ಮಾಡಿಕೊಡಬೇಕಾದ್ದು ಆ್ಯಪ್ ಕಲಿಸುವುದಲ್ಲ. ಅವರ ಹೆಸರಿನ ಸಿಮ್ ಕೊಡಿಸಿ. ಬ್ಯಾಂಕಿಗೆ ಅವರನ್ನೇ ಕರೆದುಕೊಂಡು ಹೋಗಿ ಆ ನಂಬರ್ ಜೋಡಿಸಿ. ಕೀಪ್ಯಾಡ್ ಫೋನ್ ಆದರೂ ಸಾಕು. 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123 ಪೇ ಅನ್ನೋ ವ್ಯವಸ್ಥೆಯಲ್ಲಿ ಇಂಟರ್‌ನೆಟ್ ಇಲ್ಲದ ಫೋನಿಂದಲೂ ಕರೆ ಮಾಡಿ ದುಡ್ಡು ಕಳಿಸಬಹುದು. ಮೆಸೇಜ್ ಅವರಿಗೇ ಬರುತ್ತದೆ ಅನ್ನುವುದೇ ಮೊದಲ ಗೆಲುವು.

ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುವುದರ ಬಗ್ಗೆಯೂ ಹೇಳಬೇಕು. ಎಟಿಎಂ ದೂರ ಇರುವ ಊರುಗಳಲ್ಲಿ ಬ್ಯಾಂಕಿನ ಪರವಾಗಿ ಊರಲ್ಲೇ ದುಡ್ಡು ಕೊಡುವ ಬ್ಯಾಂಕ್ ಮಿತ್ರರ ಹತ್ತಿರ ಆಧಾರ್ ಮತ್ತು ಬೆರಳಚ್ಚು ಕೊಟ್ಟರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ಸಿಗುತ್ತದೆ. ಬಸ್ ಖರ್ಚು ಉಳಿಯಿತು, ಅರ್ಧ ದಿನದ ಕೂಲಿ ಉಳಿಯಿತು. ಆದರೆ ಕಬ್ಬಿನ ಗರಿ, ಭತ್ತದ ಪೈರು ಹಿಡಿದು ಹಿಡಿದು ಬೆರಳು ಸವೆದವರಿಗೆ ಮೆಷಿನ್ ಓಗೊಡುವುದಿಲ್ಲ. ನನ್ನ ಅವ್ವನಿಗೆ ಒಮ್ಮೆ ಐದು ಸಲ ಒತ್ತಬೇಕಾಯಿತು. ಒತ್ತಿದಾಗಲೆಲ್ಲ ಎಷ್ಟು ಹೋಯಿತು ಅಂತ ಕೇಳಿ, ಚೀಟಿ ಈಸಿಕೊಳ್ಳಿ. "ಆಗಲಿಲ್ಲ, ಇನ್ನೊಂದ್ಸಲ ಒತ್ತಿ" ಅಂದರೆ ಮೊದಲನೆಯದರ ಚೀಟಿಯನ್ನೂ ಕೇಳಿ. ಬೇಡದಾಗ ಬೆರಳಚ್ಚನ್ನು ಎಂಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಿಡಬಹುದು, ಬೇಕಾದಾಗ ತೆಗೆಯಬಹುದು.

ಮುಯ್ಯಿ, ಕೈಸಾಲ, ದೊಡ್ಡ ಮೊತ್ತ

ಮಂಡ್ಯದ ಮದುವೆಗೆ ಹೋದವರಿಗೆ ಮುಯ್ಯಿ ಪುಸ್ತಕ ಗೊತ್ತು. ಒಬ್ಬರು ಬಾಗಿಲ ಹತ್ತಿರ ಮೇಜು ಹಾಕಿ ಕೂತು, ಹೆಸರು, ಊರು, ಎಷ್ಟು ಅಂತ ಬರೆಯುತ್ತಾರೆ. ಈಗ ಅದರ ಪಕ್ಕ ಸ್ಕ್ಯಾನರ್ ಇಡುವವರಿದ್ದಾರೆ. ಬೆಂಗಳೂರಿನಿಂದ ಬರಲಾಗದ ನೆಂಟರಿಗೆ ಅನುಕೂಲವೇ. ಆದರೆ ಫೋನಿಗೆ ಬಂದದ್ದು ಪುಸ್ತಕಕ್ಕೆ ಹತ್ತದೆ ಹೋಗುತ್ತದೆ. ಐದು ವರ್ಷದ ನಂತರ ಅವರ ಮನೆ ಮದುವೆಗೆ ಏನು ಹಾಕಬೇಕು ಅಂತ ಯಾರಿಗೂ ಗೊತ್ತಿರುವುದಿಲ್ಲ. ಫೋನಲ್ಲಿ ಹಾಕಿದರೂ "ಬರ್ಕೊಳ್ಳಿ" ಅಂತ ಹೇಳಿ ಬರೆಸಿ. ಮಡಿಲಕ್ಕಿಗೆ, ಆರತಿ ತಟ್ಟೆಗೆ ನೋಟು, ನಾಣ್ಯವೇ ಬೇಕು. ಅದರಲ್ಲಿ ಆಯ್ಕೆಯ ಮಾತೇ ಇಲ್ಲ.

ಕೈಸಾಲಕ್ಕೆ ಮಾತ್ರ ನಾನು ಫೋನ್ ಅಥವಾ ಬ್ಯಾಂಕಿನ ಕಡೆಗೇ ನಿಲ್ಲುತ್ತೇನೆ. "ಕೊಟ್ಟಿದ್ದೆ", "ಕೊಟ್ಟಿಲ್ಲ" ಅಂತ ಅಣ್ಣತಮ್ಮಂದಿರೇ ಮಾತು ಬಿಟ್ಟದ್ದನ್ನು ಕಂಡಿದ್ದೇನೆ. ಖಾತೆಯಿಂದ ಖಾತೆಗೆ ಹೋದರೆ ತಾರೀಖು ಸಮೇತ ಉಳಿಯುತ್ತದೆ. ಕಾನೂನೂ ಹಾಗೇ ಹೇಳುತ್ತದೆ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಿನಲ್ಲಿ ಈಸಿಕೊಳ್ಳುವ ಹಾಗಿಲ್ಲ. ಕೊಡುವವರು, ಪಡೆಯುವವರು ಇಬ್ಬರಿಗೂ ಕೃಷಿ ಆದಾಯ ಮಾತ್ರ ಇದ್ದು, ತೆರಿಗೆಗೆ ಬರುವ ಆದಾಯ ಇಲ್ಲದಿದ್ದರೆ ವಿನಾಯಿತಿ ಇದೆ. ಇನ್ನೊಂದು ನಿಯಮ 2017ರ ಏಪ್ರಿಲ್‌ನಿಂದ ಇದೆ. ಒಬ್ಬರಿಂದ ಒಂದೇ ದಿನ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. ಸೈಟು, ಟ್ರ್ಯಾಕ್ಟರ್, ಒಡವೆ ವ್ಯವಹಾರ ಮಾಡುವವರು ಇದನ್ನು ನೆನಪಿಡಿ.

ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದ ಮಿತಿ. ಅದಕ್ಕಿಂತ ದೊಡ್ಡದಕ್ಕೆ ಬ್ಯಾಂಕಿಗೆ ಹೋಗಿ, ಖಾತೆಯಿಂದ ಖಾತೆಗೆ ಕಳಿಸುವ ಆರ್‌ಟಿಜಿಎಸ್ ಅಥವಾ ನೆಫ್ಟ್ ಮಾಡಿಸುವುದು ನೆಮ್ಮದಿ. ಕಾರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೊಡ್ಡ ಅಂಗಡಿ, ಆಸ್ಪತ್ರೆ, ಎಟಿಎಂಗೆ ಬೇಕು. ಒಂದು ಮುನ್ನೆಚ್ಚರಿಕೆ ಮಾತ್ರ: ಮುಟ್ಟಿಸಿದರೆ ಸಾಕು ಅನ್ನುವ ಕಾರ್ಡಿನಲ್ಲಿ 5000 ರೂಪಾಯಿವರೆಗೆ ಪಿನ್ ಕೇಳುವುದಿಲ್ಲ. ವಯಸ್ಸಾದವರ ಕಾರ್ಡಿನಲ್ಲಿ ಆ ಸೌಲಭ್ಯ ಆಫ್ ಮಾಡಿಸಿಡುವುದು ಒಳ್ಳೆಯದು.

ಅಂಗಡಿ ಇಟ್ಟವರಿಗೆ

ಮಂಡ್ಯದ ನೂರಡಿ ರಸ್ತೆ ಹತ್ತಿರ ನಮ್ಮ ಸೋದರಮಾವನ ದಿನಸಿ ಅಂಗಡಿ ಇದೆ. 2025ರ ಜುಲೈನಲ್ಲಿ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಯುಪಿಐ ಲೆಕ್ಕದ ಮೇಲೆ ಜಿಎಸ್‌ಟಿ ನೋಟಿಸ್ ಹೋದಾಗ, ಮಾವನಿಗೆ ನೋಟಿಸ್ ಬಂದಿರಲಿಲ್ಲ. ಭಯ ಮಾತ್ರ ಬಂತು. ಸ್ಕ್ಯಾನರ್ ಕಿತ್ತು ಒಳಗಿಟ್ಟರು. ವಾರದಲ್ಲಿ ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗತೊಡಗಿದರು. ಮತ್ತೆ ಅಂಟಿಸಿದರು.

ಸ್ಕ್ಯಾನರ್ ತೆಗೆದರೆ ತೆರಿಗೆ ತಪ್ಪುತ್ತದೆ ಅನ್ನುವುದು ತಪ್ಪು ಲೆಕ್ಕ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದರೆ ನೋಂದಣಿ ಬೇಕು. ಅದು ನೋಟಿನಲ್ಲಿ ಬಂದರೂ ಅಷ್ಟೇ, ಫೋನಲ್ಲಿ ಬಂದರೂ ಅಷ್ಟೇ. ಪ್ಯಾಕ್ ಮಾಡದ ಹಾಲು, ತರಕಾರಿ, ಹೂವು ಮಾತ್ರ ಮಾರುವವರಿಗೆ ಈ ತೆರಿಗೆಯೇ ಇಲ್ಲ, ಅವರು ಹೆದರಬೇಕಿಲ್ಲ. 1.5 ಕೋಟಿವರೆಗಿನ ವ್ಯಾಪಾರಿಗಳಿಗೆ ಕಾಂಪೋಸಿಷನ್ ಯೋಜನೆಯಲ್ಲಿ ಶೇ 1 ಕಟ್ಟಿ ಮುಗಿಸುವ ದಾರಿಯಿದೆ.

ನಿಜವಾದ ಎಡವಟ್ಟು ಬೇರೆ ಕಡೆ ಇದೆ. ಮಾವನ ಒಂದೇ ಖಾತೆಗೆ ಅಂಗಡಿ ವ್ಯಾಪಾರ, ಚೀಟಿ ದುಡ್ಡು, ಮಗಳು ಕಳಿಸಿದ ದುಡ್ಡು, ಸ್ನೇಹಿತರು ವಾಪಸ್ ಕೊಟ್ಟ ಕೈಸಾಲ, ಎಲ್ಲಾ ಬಂದು ಬೀಳುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಅದೆಲ್ಲ ವ್ಯಾಪಾರದ ಹಾಗೇ ಕಾಣುತ್ತದೆ. ಅಂಗಡಿಗೆ ಒಂದು ಖಾತೆ, ಮನೆಗೆ ಒಂದು ಖಾತೆ ಮಾಡಿ. ಇವತ್ತೇ ಮಾಡಿ. ನೋಟಿನ ವ್ಯಾಪಾರಕ್ಕೂ ಒಂದು ಪುಸ್ತಕ ಇಡಿ.

ನೆಟ್‌ವರ್ಕ್ ಕೈಕೊಟ್ಟಾಗ

2025ರ ಏಪ್ರಿಲ್ 12, ಶನಿವಾರ, ದೇಶದಾದ್ಯಂತ ಯುಪಿಐ ಕೆಲವು ಗಂಟೆ ಸರಿಯಾಗಿ ನಡೆಯಲಿಲ್ಲ. ಅವತ್ತು ಬ್ಯಾಗಿನಲ್ಲಿ ನೋಟಿದ್ದವರು ಸಲೀಸಾಗಿ ಊಟದ ಬಿಲ್ ಕೊಟ್ಟು ಎದ್ದರು. ಅದೇ ತಿಂಗಳ 28ರಂದು ಸ್ಪೇನ್, ಪೋರ್ಚುಗಲ್ ಎರಡೂ ದೇಶದಲ್ಲಿ ಕರೆಂಟ್ ಹೋದಾಗ ಕಾರ್ಡ್ ಮೆಷಿನ್‌ಗಳು ಸತ್ತವು. ನಗದು ಇದ್ದವರು ನೀರು, ಬ್ರೆಡ್ ತಂದುಕೊಂಡರು. ನೋಟೇ ಬೇಡ ಅನ್ನುವುದರಲ್ಲಿ ಬಹಳ ಮುಂದೆ ಹೋಗಿದ್ದ ಸ್ವೀಡನ್ ದೇಶ, 2024ರಲ್ಲಿ ತನ್ನ ಜನರಿಗೆ ಮನೆ ಮನೆಗೂ ಕೈಪಿಡಿ ಕಳಿಸಿ, ಕನಿಷ್ಠ ಒಂದು ವಾರಕ್ಕಾಗುವಷ್ಟು ನಗದು ಇಟ್ಟುಕೊಳ್ಳಿ ಅಂತ ಹೇಳಿತು. ಅಷ್ಟು ದೂರ ಹೋಗಿ ನೋಡಿ ಬಂದವರ ಮಾತು ನಾವು ಕೇಳಬೇಕು ಅಲ್ವಾ?

ನಮ್ಮಲ್ಲೂ ನೋಟು ಕಡಿಮೆ ಆಗಿಲ್ಲ. 2016ರ ನವೆಂಬರ್‌ಗೆ ಮೊದಲು ಚಲಾವಣೆಯಲ್ಲಿದ್ದದ್ದು 18 ಲಕ್ಷ ಕೋಟಿ ರೂಪಾಯಿಯ ಹತ್ತಿರ. 2025ರ ಮಾರ್ಚ್ ಹೊತ್ತಿಗೆ 36 ಲಕ್ಷ ಕೋಟಿ ದಾಟಿತ್ತು. ಆ ನೋಟುಗಳಲ್ಲಿ ಒಂದು ಪಾಲು ಮೈಸೂರಿನ ಮೇಟಗಳ್ಳಿಯಲ್ಲೇ, ರಿಸರ್ವ್ ಬ್ಯಾಂಕಿನ ನೋಟು ಮುದ್ರಣಾಲಯದಲ್ಲಿ ಅಚ್ಚಾಗುತ್ತದೆ. ನೋಟಿನ ಕಾಗದದ ಕಾರ್ಖಾನೆಯೂ ಇಲ್ಲಿದೆ. ಜನ ದಿನದ ಖರ್ಚನ್ನು ಫೋನಿಗೆ ತಂದಿದ್ದಾರೆ, ಕಷ್ಟಕಾಲದ ದುಡ್ಡನ್ನು ನೋಟಿನಲ್ಲೇ ಇಟ್ಟಿದ್ದಾರೆ ಅಂತ ನನಗೆ ಅನಿಸುತ್ತದೆ.

ದಸರಾ ಜಂಬೂಸವಾರಿ ದಿನ ಮೈಸೂರಿಗೆ ಬರುವವರು, ಜಾತ್ರೆಗೆ ಹೋಗುವವರು ನೋಟು ಇಟ್ಟುಕೊಂಡೇ ಹೊರಡಿ. ಆ ಜನಜಂಗುಳಿಯಲ್ಲಿ ಫೋನ್ ತಿರುಗುತ್ತಾ ಕೂರುತ್ತದೆ. ಆದರೆ ಎಲ್ಲವನ್ನೂ ಒಂದೇ ಜೇಬಿನಲ್ಲಿ ಇಡಬೇಡಿ. ಕಳೆದುಹೋದ ನೋಟು ಹೋದದ್ದೇ. ನೋಟಿಗೆ ಇರುವ ದೊಡ್ಡ ಕೊರತೆ ಅದು. ಫೋನಲ್ಲಿ ಹಾಗಲ್ಲ. ದುಡ್ಡು ಕಟ್ ಆಗಿ ಅತ್ತ ತಲುಪದಿದ್ದರೆ, ವ್ಯಕ್ತಿಗೆ ಕಳಿಸಿದ್ದಾದರೆ ಮಾರನೇ ದಿನದೊಳಗೆ, ಅಂಗಡಿಗೆ ಕಳಿಸಿದ್ದಾದರೆ ಐದು ದಿನದೊಳಗೆ ವಾಪಸ್ ಬರಬೇಕು. ತಡವಾದರೆ ಬ್ಯಾಂಕ್ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವುದು ರಿಸರ್ವ್ ಬ್ಯಾಂಕ್ ನಿಯಮ. ಎಟಿಎಂನಲ್ಲಿ ದುಡ್ಡು ಬರದೆ ಖಾತೆಯಲ್ಲಿ ಕಡಿತವಾದರೂ ಇದೇ ನಿಯಮ. ಕೇಳಿ ಪಡೆಯಿರಿ.

ಮೋಸದ ಮಾತು

ಮೈಸೂರಿನಲ್ಲಿರುವ ನಮ್ಮ ಚಿಕ್ಕಮ್ಮ ಹಳೇ ಸೋಫಾ ಮಾರಲು ಹೋಗಿ 18,000 ರೂಪಾಯಿ ಕಳೆದುಕೊಂಡರು. ಕೊಳ್ಳುವವನು "ದುಡ್ಡು ಬರಬೇಕು ಅಂದ್ರೆ ಈ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಹಾಕಿ" ಅಂದ. ಹಾಕಿದರು. ಬರಬೇಕಾದದ್ದು ಹೋಯಿತು. ಮೂರು ದಿನ ಯಾರಿಗೂ ಹೇಳಲಿಲ್ಲ, ನಾಚಿಕೆ. ಆ ಮೂರು ದಿನವೇ ಕೆಡಿಸಿತು.

ದುಡ್ಡು ಈಸಿಕೊಳ್ಳಲು ಪಿನ್ ಬೇಡವೇ ಬೇಡ. ಪಿನ್ ಹಾಕಿದಿರಿ ಅಂದರೆ ನೀವು ಕೊಡುತ್ತಿದ್ದೀರಿ. ಇದನ್ನು ಮನೆಯ ಹಿರಿಯರಿಗೆ ಹತ್ತು ಸಲ ಹೇಳಿ. ಮೋಸ ಹೋದ ಗಳಿಗೆಯಲ್ಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದರೆ ದುಡ್ಡನ್ನು ದಾರಿಯಲ್ಲೇ ತಡೆಯುವ ಅವಕಾಶ ಇರುತ್ತದೆ. ಮನೆಯವರು ಬೈಯಬೇಡಿ. ಬೈದರೆ ಮುಂದಿನ ಸಲ ಅವರು ಹೇಳುವುದೇ ಇಲ್ಲ.

ಚಿಕ್ಕಮ್ಮ ಈಗ ಎರಡು ಖಾತೆ ಇಟ್ಟಿದ್ದಾರೆ. ಪಿಂಚಣಿ ಬರುವ ಖಾತೆಗೆ ಫೋನಲ್ಲಿ ಯುಪಿಐ ಇಲ್ಲ. ಇನ್ನೊಂದಕ್ಕೆ ತಿಂಗಳಿಗೆ 3000 ಹಾಕಿಕೊಂಡು, ಅದರಲ್ಲೇ ತರಕಾರಿ, ಔಷಧಿ, ಆಟೋ. ವಯಸ್ಸಾದವರಿಗೆ ನನಗೆ ಗೊತ್ತಿರುವ ಒಳ್ಳೆಯ ಏರ್ಪಾಡು ಇದು. ಪೂರ್ತಿ ನೋಟೂ ಅಲ್ಲ, ಪೂರ್ತಿ ಫೋನೂ ಅಲ್ಲ. ಹೋದರೆ 3000 ಹೋಗುತ್ತದೆ, ಅಷ್ಟೇ.

ನಮ್ಮ ಮನೆಯಲ್ಲಿ ಈಗ

ಒಂದು ವಾರದ ಖರ್ಚಿಗೆ ಆಗುವಷ್ಟು ನೋಟು ಬೀರುವಿನಲ್ಲಿ ಇರುತ್ತದೆ, ಅದರಲ್ಲಿ ಅರ್ಧ 50, 100ರ ನೋಟು. 500ರ ನೋಟಿಗೆ ಕಷ್ಟದ ದಿನ ಚಿಲ್ಲರೆ ಸಿಗುವುದಿಲ್ಲ. ಎಟಿಎಂಗೆ ತಿಂಗಳಿಗೆ ಎರಡೇ ಸಲ ಹೋಗುತ್ತೇವೆ. ಸ್ವಂತ ಬ್ಯಾಂಕಿನದ್ದಾದರೆ ಐದು ಸಲ ಉಚಿತ, ಆಮೇಲೆ ಪ್ರತಿ ಸಲಕ್ಕೆ 23 ರೂಪಾಯಿವರೆಗೆ ಹಿಡಿಯಬಹುದು.

ಅಪ್ಪನ ಬಟವಾಡೆ ಪುಸ್ತಕದಲ್ಲಿ ಈಗ ಪ್ರತಿ ಹೆಸರಿನ ಮುಂದೆ "ಕೈ" ಅಂತಲೋ "ಫೋ" ಅಂತಲೋ ಬರೆದಿರುತ್ತದೆ. ಅವರವರನ್ನೇ ಕೇಳಿ ಬರೆದದ್ದು. ತಮ್ಮ ಶುಕ್ರವಾರವೇ ಕೈಗೆ ಬೇಕಾದಷ್ಟು ನೋಟು ತಂದಿಡುತ್ತಾನೆ. ಅವತ್ತು ಜಗಲಿ ಮೇಲೆ ಕೂತಿದ್ದ ಹಿರಿಯಾಕೆ ಯುಗಾದಿ ಆದಮೇಲೆ ತನ್ನದೇ ಒಂದು ಕೀಪ್ಯಾಡ್ ಫೋನ್ ತೆಗೆದುಕೊಂಡರು. ಬ್ಯಾಂಕಿಗೆ ನಾನೇ ಜೊತೆಗೆ ಹೋಗಿ ನಂಬರ್ ಬದಲಾಯಿಸಿಕೊಂಡು ಬಂದೆವು. ಮುಂದಿನ ಶನಿವಾರ ಅಪ್ಪನ ಹತ್ತಿರ ಬಂದು, ಅರ್ಧ ಕೈಗೆ, ಅರ್ಧ ಖಾತೆಗೆ ಹಾಕಿ ಅಂದರು. ಅಪ್ಪ ಅವರ ಹೆಸರಿನ ಮುಂದೆ ಎರಡನ್ನೂ ಬರೆದುಕೊಂಡರು.